ತೋಟದಲ್ಲಿ ಒಂದು ಕುರ್ಚಿ ಇರಲಿ

ಬೇಸಿಗೆ ಬಲಿಯುತ್ತಿದ್ದಂತೆ ನನ್ನ ಬಳಿ ಬರುವ ಹೆಂಗಸರ ದೂರುಗಳ ಬಣ್ಣವೇ ಬದಲಾಗುತ್ತದೆ. ಉರಿಮೂತ್ರ, ತೊಡೆಸಂದಿನ ತುರಿಕೆ, ನಡುರಾತ್ರಿ ಬೆವೆತು ಎಚ್ಚರವಾಗುವುದು, ಸಣ್ಣ ಮಾತಿಗೂ ಸಿಡುಕು, ಇವೆಲ್ಲ ಒಟ್ಟೊಟ್ಟಿಗೆ ಬರುತ್ತವೆ. ಐವತ್ತು ದಾಟಿದ ಒಬ್ಬರು ‘ಮೈಯೊಳಗೆ ಯಾರೋ ಒಲೆ ಹಚ್ಚಿಟ್ಟ ಹಾಗಾಗುತ್ತದೆ, ಡಾಕ್ಟ್ರೇ’ ಎಂದರು. ಪರೀಕ್ಷೆ ಮುಗಿಸಿ, ದಿನದಲ್ಲಿ ನೆಮ್ಮದಿ ಕೊಡುವ ಹೊತ್ತು ಯಾವುದಾದರೂ ಇದೆಯೇ ಎಂದು ಕೇಳಿದೆ. ಮನೆಯ ಹಿಂದೆ ಪುಟ್ಟ ತೋಟವಿದೆ, ಗಿಡಗಳ ನಡುವೆ ಇದ್ದರೆ ಹಾಯೆನಿಸುತ್ತದೆ ಎಂದರು. ಎಷ್ಟು ಹೊತ್ತಿಗೆ ಹೋಗುತ್ತೀರಿ? ಊಟ, ಪಾತ್ರೆ ಎಲ್ಲ ಮುಗಿದ ಮೇಲೆ, ಎರಡು ಗಂಟೆಗೆ. ಅಲ್ಲಿ ಸುಮ್ಮನೆ ಕೂತದ್ದು ಯಾವಾಗ? ಆಕೆ ನಕ್ಕರು. ‘ಕೂತರೆ ಕಳೆ ಕಣ್ಣಿಗೆ ಬೀಳುತ್ತದಲ್ಲ, ಎದ್ದು ಕೀಳಲೇಬೇಕಾಗುತ್ತದೆ.’

ಆ ಮಾತಿನಲ್ಲಿ ನಾನು ವರ್ಷಗಳಿಂದ ನೋಡುತ್ತಿರುವ ತೊಂದರೆಯ ತಿರುಳಿದೆ. ಮನೆಯೊಳಗಿನ ಕೆಲಸಗಳ ಪಟ್ಟಿಗೆ ತೋಟವೂ ಒಂದು ಸಾಲಾಗಿ ಸೇರಿಕೊಂಡರೆ ಅದು ವಿಶ್ರಾಂತಿಯ ಜಾಗವಾಗಿ ಉಳಿಯುವುದಿಲ್ಲ, ಬಿಸಿಲಿನಲ್ಲಿರುವ ಇನ್ನೊಂದು ಅಡುಗೆಮನೆಯಾಗುತ್ತದೆ. ಬೇಸಿಗೆಯಲ್ಲಿ ತೋಟ ಹೆಣ್ಣಿನ ದೇಹಕ್ಕೂ ಮನಸ್ಸಿಗೂ ಒಳ್ಳೆಯದನ್ನೇ ಮಾಡುತ್ತದೆ ಎಂದು ನಾನು ನಂಬಿದ್ದೇನೆ. ಆದರೆ ಅದರ ಬಹುಪಾಲು ಲಾಭ ಸಿಗುವುದು ಯಾವ ಹೊತ್ತಿನಲ್ಲಿ ಹೋಗುತ್ತೇವೆ ಮತ್ತು ಹೋದಾಗ ಕೂರುತ್ತೇವೆಯೇ ಎಂಬ ಎರಡು ಸಂಗತಿಗಳಿಂದ.

ಹೆಣ್ಣಿನ ದೇಹ ಬಿಸಿಯನ್ನು ತಿಂಗಳಿಡೀ ಒಂದೇ ರೀತಿ ನಿಭಾಯಿಸುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಅಂಡ ಬಿಡುಗಡೆಯಾದ ಮೇಲೆ ಹೆಚ್ಚುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಮೈಯ ವಿಶ್ರಾಂತಿ ತಾಪಮಾನವನ್ನು ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸುತ್ತದೆ. ಅದರ ಜೊತೆಗೆ ಬೆವರು ಶುರುವಾಗುವ ಮಟ್ಟವೂ ಅಷ್ಟೇ ಮೇಲಕ್ಕೆ ಸರಿಯುತ್ತದೆ. ಮುಟ್ಟಿಗೆ ಮುಂಚಿನ ಹತ್ತು–ಹನ್ನೆರಡು ದಿನ ಸೆಕೆ ತಡೆಯಲಾಗುವುದಿಲ್ಲ, ನಿದ್ದೆ ಹತ್ತುವುದಿಲ್ಲ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಆಗುವುದೇ ಬೇರೆ. ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿರುವ ತಾಪನಿಯಂತ್ರಕವು ಸಾಮಾನ್ಯವಾಗಿ ಮೈಯ ಬಿಸಿಯ ಸಣ್ಣಪುಟ್ಟ ಏರಿಳಿತಗಳನ್ನು ಸಹಿಸಿಕೊಂಡು ಸುಮ್ಮನಿರುತ್ತದೆ. ಈಸ್ಟ್ರೊಜನ್ ಎಂಬ ಹಾರ್ಮೋನು ಇಳಿದಾಗ ಆ ಸಹನೆಯ ವ್ಯಾಪ್ತಿ ಕಿರಿದಾಗುತ್ತದೆ. ಆಗ ಡಿಗ್ರಿಯ ಒಂದು ಸಣ್ಣ ಪಾಲು ಹೆಚ್ಚಾದರೂ ಅದು ಬೆಂಕಿ ಬಿದ್ದಂತೆ ಗಾಬರಿಗೊಂಡು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಧಾರಾಕಾರ ಬೆವರಿಸಿ, ಆಮೇಲೆ ಚಳಿಯನ್ನೂ ಹಿಡಿಸುತ್ತದೆ. ಇದೇ ಹಾಟ್ ಫ್ಲಶ್. ಈ ನಿಯಂತ್ರಕವನ್ನು ಕೆಣಕುವ ನರಕೋಶಗಳ ಸಂದೇಶವನ್ನೇ ತಡೆಯುವ, ಹಾರ್ಮೋನಲ್ಲದ ಮಾತ್ರೆಯೊಂದಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ‘ಎಲ್ಲ ನಿನ್ನ ಭ್ರಮೆ’ ಎನ್ನುವ ಮನೆಯವರಿಗೆ ನಾನು ಈ ಸಂಗತಿಯನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅದೇ ದೇಶದ ಹೆಂಗಸರನ್ನು ದೀರ್ಘಕಾಲ ಹಿಂಬಾಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪದೇ ಪದೇ ಹಾಟ್ ಫ್ಲಶ್ ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅದು 7.4 ವರ್ಷಕ್ಕೂ ಹೆಚ್ಚು ಕಾಲ ಉಳಿಯುತ್ತದೆ. ಅಂದರೆ ಏಳು ಬೇಸಿಗೆಗಳು. ಅವನ್ನು ಹಲ್ಲು ಕಚ್ಚಿಕೊಂಡು ಕಳೆಯಬೇಕಾಗಿಲ್ಲ.

ತೋಟದ ತಂಪು ಎಲ್ಲಿಂದ ಬರುತ್ತದೆ ಎಂಬುದೂ ಇದೇ ಕಥೆಯ ಇನ್ನೊಂದು ಮಗ್ಗುಲು. ನಮ್ಮ ಚರ್ಮದಿಂದ ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಏನೂ ಪ್ರಯೋಜನವಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಒಂದೇ ಸಮ ಬೆವೆತರೂ ಮೈ ತಂಪಾಗದಿರುವುದು ಅದಕ್ಕೇ. ಎಲೆಯೂ ಮಾಡುವುದು ಇದನ್ನೇ. ಬೇರಿನಿಂದ ಎಳೆದ ನೀರನ್ನು ಕಣ್ಣಿಗೆ ಕಾಣದ ರಂಧ್ರಗಳಿಂದ ಆವಿಯಾಗಿ ಬಿಟ್ಟು ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ. ತಗಡಿನ ನೆರಳು ಬಿಸಿಲನ್ನಷ್ಟೇ ತಡೆಯುತ್ತದೆ, ಆಮೇಲೆ ತಾನೇ ಕಾದು ನಮ್ಮ ತಲೆಯ ಮೇಲೆ ಕಾವು ಸುರಿಯುತ್ತದೆ. ಮರದ ನೆರಳು ಹಾಗಲ್ಲ, ಅಲ್ಲಿ ನಮ್ಮ ಮೇಲಿರುವುದು ತಾನೂ ಬೆವರುತ್ತಿರುವ ಒಂದು ಚಾವಣಿ. ಎರಡರ ಕೆಳಗೂ ಹತ್ತು ಹತ್ತು ನಿಮಿಷ ನಿಂತು ನೋಡಿದರೆ ವ್ಯತ್ಯಾಸ ನೆತ್ತಿಗೆ ತಿಳಿಯುತ್ತದೆ.

ಮನಸ್ಸಿನ ಮಾತಿಗೆ ಬಂದರೆ, ಹಸಿರು ಒಳ್ಳೆಯದು ಎಂಬುದು ಬರೀ ಕವಿಸಮಯವಲ್ಲ. ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನವೊಂದಿದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳನ್ನು ಜೋಡಿ ಮಾಡಿ ನೋಡಿದಾಗ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಮುಂಚೆ ಮನೆಗೆ ಹೋಗಿದ್ದರು, ತೀವ್ರ ನೋವುನಿವಾರಕಗಳನ್ನೂ ಕಡಿಮೆ ಕೇಳಿದ್ದರು. ಇಲ್ಲಿ ಗಮನಿಸಬೇಕಾದದ್ದು, ಅವರಲ್ಲಿ ಯಾರೂ ಗುದ್ದಲಿ ಹಿಡಿದಿರಲಿಲ್ಲ, ಮಲಗಿದಲ್ಲಿಂದ ನೋಡಿದ್ದಷ್ಟೇ. 2011ರಲ್ಲಿ ನೆದರ್ಲೆಂಡ್ಸಿನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ 30 ತೋಟಗಾರಿಕೆ ಹವ್ಯಾಸಿಗಳಿಗೆ ಮೊದಲು ತಲೆಬಿಸಿಯ ಕೆಲಸವೊಂದನ್ನು ಕೊಟ್ಟು, ಆಮೇಲೆ ಅರ್ಧ ಗಂಟೆ ಕೆಲವರನ್ನು ಹೊರಗೆ ತೋಟದ ಕೆಲಸಕ್ಕೂ ಉಳಿದವರನ್ನು ಒಳಗೆ ಕೂತು ಓದುವುದಕ್ಕೂ ಬಿಡಲಾಯಿತು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಬ್ಬರಲ್ಲೂ ಇಳಿಯಿತು, ತೋಟಕ್ಕೆ ಹೋದವರಲ್ಲಿ ಹೆಚ್ಚು ಇಳಿಯಿತು. ತೋಟದಲ್ಲೇ ಕೂತು ಓದಿದ್ದರೆ ಏನಾಗುತ್ತಿತ್ತು ಎಂಬುದನ್ನು ಮಾತ್ರ ಆ ಪ್ರಯೋಗ ಕೇಳಲಿಲ್ಲ. ಎರಡೂ ಸಣ್ಣ ಅಧ್ಯಯನಗಳು, ಇವುಗಳ ಮೇಲೆ ಅರಮನೆ ಕಟ್ಟಬಾರದು. ಆದರೆ ನನ್ನ ಅನುಭವ ಇವುಗಳ ದಿಕ್ಕಿನಲ್ಲೇ ಇದೆ. ಎಲೆ ಅಲುಗಾಡುವುದು, ಹೂವಿನ ಮೇಲೆ ದುಂಬಿ ಕೂರುವುದು, ಇಂಥವು ಗಮನವನ್ನು ಸೆಳೆಯುತ್ತವೆ, ಹಿಂಡುವುದಿಲ್ಲ. ದಿನವಿಡೀ ಹತ್ತು ಜನರ ಬೇಕುಬೇಡಗಳನ್ನು ನೆನಪಿಟ್ಟುಕೊಂಡ ತಲೆಗೆ ಬೇಕಾದ್ದು ಇದೇ.

ಹೊತ್ತಿನ ವಿಷಯದಲ್ಲಿ ನಾನು ನಿಷ್ಠುರಳು. ಒಂದು ಸುಲಭದ ಅಳತೆಯಿದೆ: ನೆಲದ ಮೇಲೆ ನಿಮ್ಮ ನೆರಳು ನಿಮಗಿಂತ ಗಿಡ್ಡದಾಗಿದ್ದರೆ ಆ ಬಿಸಿಲಿನ ನೇರಳಾತೀತ ಕಿರಣ ಚುರುಕಾಗಿದೆ ಎಂದರ್ಥ; ಉದ್ದವಾಗಿದ್ದರೆ ನೀವು ಹೊರಗಿರಬಹುದು. ಮುಖದಲ್ಲಿ ಬಂಗು ಇರುವವರಿಗೆ ಈ ಮಾತು ಇನ್ನೂ ಮುಖ್ಯ. ಬಸಿರಿನಲ್ಲೋ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗಲೋ ಕಾಣಿಸಿಕೊಂಡ ಬಂಗು ವರ್ಷವಿಡೀ ಹಚ್ಚಿದ ಮುಲಾಮಿನಿಂದ ತಿಳಿಯಾಗಿ, ಬೇಸಿಗೆಯ ಒಂದೇ ವಾರದ ಅಜಾಗರೂಕತೆಯಿಂದ ಮರಳಿ ಬಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಕಣ್ಣಿಗೆ ಕಾಣುವ ಬೆಳಕೂ ಅದನ್ನು ಕೆರಳಿಸುವುದರಿಂದ ಅಗಲ ಅಂಚಿನ ಟೋಪಿಯೂ ಐರನ್ ಆಕ್ಸೈಡ್ ಬೆರೆತ, ಮೈಬಣ್ಣದ ಸನ್‌ಸ್ಕ್ರೀನೂ ಬೇಕು. ಮುಂಜಾನೆಯ ತೋಟಕ್ಕೆ ಇನ್ನೊಂದು ಗುಣವಿದೆ. ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ಹೊರಗೆ ನೆರಳಿನಲ್ಲೂ ಸಾವಿರಾರು ಲಕ್ಸ್ ಇರುತ್ತದೆ. ಆ ಬೆಳಕು ದೇಹದ ಗಡಿಯಾರಕ್ಕೆ ಕೀಲಿ ಕೊಟ್ಟು ರಾತ್ರಿಯ ನಿದ್ದೆಯನ್ನು ಸಕಾಲಕ್ಕೆ ಕರೆಯುತ್ತದೆ.

ನಾನೇನೂ ಈ ವಿಷಯದಲ್ಲಿ ಸಾಚಾ ಅಲ್ಲ. ಒಂದು ರಜಾದಿನ ‘ಇನ್ನೆರಡೇ ಕುಂಡ’ ಎಂದು ನಡುಮಧ್ಯಾಹ್ನದವರೆಗೆ ಬಗ್ಗಿಕೊಂಡು ಗಿಡ ಬದಲಾಯಿಸುತ್ತಿದ್ದವಳು ಥಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದುಕೊಂಡೆ. ರೋಗಿಗಳಿಗೆ ದಿನಕ್ಕೆ ನಾಲ್ಕು ಸಲ ಹೇಳುವ ಮಾತನ್ನು ಆವತ್ತು ನನಗೆ ಹೇಳಿದ್ದು ಮನೆಯ ಚಿಕ್ಕ ಹುಡುಗಿ. ಅವಳೇ ನೀರು ತಂದುಕೊಟ್ಟಳು.

ಗಿಡಗಳಿಂದ ನಾನು ಕಲಿತ, ವೈದ್ಯಕೀಯದಲ್ಲೂ ಬಳಸುವ ಒಂದು ಪರೀಕ್ಷೆಯಿದೆ. ಮಧ್ಯಾಹ್ನ ಎರಡಕ್ಕೆ ಅಗಲ ಎಲೆಯ ಗಿಡ ಜೋತುಬಿದ್ದರೆ ಗಾಬರಿಯಾಗಿ ಕೊಡದಲ್ಲಿ ನೀರು ಸುರಿಯಬೇಡಿ. ಬೇರು ಎಳೆಯುವುದಕ್ಕಿಂತ ಬೇಗ ಎಲೆ ನೀರನ್ನು ಕಳೆದುಕೊಳ್ಳುತ್ತಿದೆ, ಅಷ್ಟೇ. ಬಿಸಿಲು ಇಳಿದ ಮೇಲೆ ಅದು ತಾನೇ ತಲೆ ಎತ್ತುತ್ತದೆ. ಬೆಳಗಿನ ಆರಕ್ಕೂ ಜೋತುಬಿದ್ದಿದ್ದರೆ ಮಾತ್ರ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಬೇಕು, ಬೇರು ಕೊಳೆತಿದೆಯೇ ಎಂದೂ ಅನುಮಾನಿಸಬೇಕು. ಹೆಂಗಸರ ಬೇಸಿಗೆಯ ಆಯಾಸವೂ ಹೀಗೆಯೇ. ಮಧ್ಯಾಹ್ನ ಸೋತು ಸಂಜೆಗೆ ಚೇತರಿಸಿಕೊಂಡರೆ ಅದು ಸೆಕೆ. ರಾತ್ರಿಯಿಡೀ ಮಲಗಿ ಎದ್ದಾಗಲೂ ಮೈ ಕುಸಿದೇ ಇದ್ದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ, ಅದನ್ನು ಬಿಸಿಲಿನ ತಲೆಗೆ ಕಟ್ಟಬೇಡಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬಸಿರಲ್ಲದ ಹೆಣ್ಣಿನಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ.

ನೀರಿನ ಮಾತು ಎಲ್ಲರಿಗೂ ಗೊತ್ತು, ಪಾಲಿಸುವವರು ಕಡಿಮೆ. ತೋಟದಲ್ಲಿರುವಾಗ ಮತ್ತೆ ಮತ್ತೆ ಒಳಗೆ ಹೋಗಬೇಕಾದೀತು, ಮಣ್ಣಿನ ಕಾಲು ತೊಳೆಯಬೇಕಾದೀತು ಎಂದು ನೀರನ್ನೇ ಕುಡಿಯದಿರುವ ಹೆಂಗಸರು ನಾನೆಣಿಸಿದ್ದಕ್ಕಿಂತ ಹೆಚ್ಚಿದ್ದಾರೆ. ಪದೇ ಪದೇ ಮೂತ್ರಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚುವರಿಯಾಗಿ ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ ಸೋಂಕು ಬಂದರೆ, ಎಂದಿನಂತೆ ಇದ್ದವರಿಗೆ 3.2 ಸಲ ಬಂತು. ಇಷ್ಟು ಅಗ್ಗದ ಔಷಧಿಯನ್ನು ನಾನು ಬೇರೆ ಕಂಡಿಲ್ಲ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಅಳತೆಯನ್ನು ತಮ್ಮ ವೈದ್ಯರಿಂದಲೇ ಕೇಳಿಕೊಳ್ಳಬೇಕು. ಕೆಲಸ ಮುಗಿದ ಕೂಡಲೇ ಬೆವರಿನ ಬಟ್ಟೆ ಬದಲಿಸಿ, ಸ್ತನಗಳ ಕೆಳಗೂ ತೊಡೆಸಂದಿಯಲ್ಲೂ ಒತ್ತಿ ಒರೆಸಿಕೊಳ್ಳಿ. ಶಿಲೀಂಧ್ರಕ್ಕೆ ಬೇಕಾದದ್ದು ಕಾವು ಮತ್ತು ತೇವ, ಅವೆರಡನ್ನೂ ನಾವೇ ಒದಗಿಸಬಾರದು.

ಯಾರೂ ಹೇಳದ ಮಾತೊಂದು ನೀರಿನ ಭಾರದ್ದು. ಹತ್ತು ಲೀಟರಿನ ತುಂಬಿದ ಬಕೆಟ್ ಎಂದರೆ ಹತ್ತು ಕಿಲೊಗಿಂತ ಹೆಚ್ಚು ತೂಕ. ಹೆರಿಗೆಯಾದ, ಮುಟ್ಟು ನಿಂತ ಹೆಂಗಸರಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲವಾಗಿರುತ್ತವೆ. ಉಸಿರು ಬಿಗಿಹಿಡಿದು ಅಂಥ ಬಕೆಟ್ಟುಗಳನ್ನು ದಿನಕ್ಕೆ ಇಪ್ಪತ್ತು ಸಲ ಎತ್ತಿದರೆ ಮೂತ್ರ ಜಿನುಗುವುದು, ಗರ್ಭಕೋಶ ಕೆಳಜಾರುವುದು ಇನ್ನಷ್ಟು ಹದಗೆಡಬಹುದು. ಅರ್ಧ ತುಂಬಿಸಿ, ಮಂಡಿ ಬಾಗಿಸಿ, ಉಸಿರು ಹೊರಬಿಡುತ್ತಾ ಎತ್ತಬೇಕು. ಸಾಧ್ಯವಿದ್ದರೆ ಪೈಪು ಹಾಕಿಸಬೇಕು. ಬುಡಕ್ಕೆ ಒಂದು ಗೇಣಿನ ಮೂರನೆಯ ಒಂದು ಪಾಲಿನಷ್ಟು ಒಣ ಎಲೆಯ ಹೊದಿಕೆ ಹಾಸಿದರೆ ಮಣ್ಣು ಬೇಗ ಒಣಗುವುದಿಲ್ಲ, ಬಕೆಟ್ಟುಗಳ ಲೆಕ್ಕವೂ ಇಳಿಯುತ್ತದೆ.

ಬಸುರಿಯರು ಬಿಸಿಲನ್ನು ಹಗುರವಾಗಿ ಕಾಣಬಾರದು. ಬಿಸಿಗಾಳಿಯ ದಿನಗಳಲ್ಲಿ ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವ ಹೆಚ್ಚು ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಬೆಕ್ಕು ಓಡಾಡುವ ಮಣ್ಣಿನಲ್ಲಿ, ಹೊಟ್ಟೆಯಲ್ಲಿರುವ ಮಗುವಿಗೆ ಕೇಡು ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ವರ್ಷಕ್ಕೂ ಮೀರಿ ಉಳಿಯಬಲ್ಲದು, ಹಾಗಾಗಿ ಕೈಗವಸು ಇಲ್ಲದೆ ಮಣ್ಣು ಮುಟ್ಟಬೇಡಿ. ಬಸುರಿಯಾಗಿರಲಿ, ಇಲ್ಲದಿರಲಿ, ಬಿಸಿಲಿನಲ್ಲಿದ್ದವರ ಮಾತು ತೊದಲಿದರೆ ಅಥವಾ ಗಲಿಬಿಲಿಗೊಂಡರೆ ಅದು ಶಾಖಾಘಾತ ಇರಬಹುದು. ಆಸ್ಪತ್ರೆಗೆ ಕರೆ ಮಾಡುತ್ತಲೇ ಮೈಮೇಲೆ ನೀರು ಸುರಿದು ಗಾಳಿ ಹಾಕಲು ಶುರುಮಾಡಬೇಕು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ, ಕೆಲವು ಅಲರ್ಜಿ ಮಾತ್ರೆಗಳು ಸೆಕೆ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತವೆ ಎಂಬುದೂ ನೆನಪಿರಲಿ.

ಇನ್ನು ಸಂಜೆ. ಬೇಸಿಗೆಯ ತೋಟ ನಿಜವಾಗಿ ಕಣ್ಣು ತೆರೆಯುವುದು ಆಗಲೇ. ಬೆಳಕು ಕುಗ್ಗಿದಂತೆ ನಮ್ಮ ಕಣ್ಣಿಗೆ ಕೆಂಪು ಹೂಗಳು ಮೊದಲು ಕಪ್ಪಾಗುತ್ತವೆ, ನೀಲಿಯೂ ಎಲೆಯ ಹಸಿರೂ ಇನ್ನಷ್ಟು ಹೊತ್ತು ಮಿನುಗುತ್ತವೆ, ಬಿಳಿ ಹೂಗಳು ಕಡೆಯವರೆಗೆ ಉಳಿಯುತ್ತವೆ. ಮಲ್ಲಿಗೆ, ಸುಗಂಧರಾಜ, ರಾತ್ರಿರಾಣಿ ಇವೆಲ್ಲ ಪತಂಗಗಳನ್ನು ಕರೆಯಲೆಂದು ಕತ್ತಲಾಗುವಾಗ ಗಂಧ ಬಿಡುತ್ತವೆ. ನಾವೋ, ಕರೆಯದೆ ಬಂದ ಅತಿಥಿಗಳು. ಒಣಗಿದ ಮಣ್ಣಿಗೆ ನೀರು ಬಿದ್ದಾಗ ಏಳುವ ವಾಸನೆಯಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಮಾಡಿದ ಜಿಯಾಸ್ಮಿನ್ ಎಂಬ ವಸ್ತುವಿದೆ, ಮನುಷ್ಯನ ಮೂಗು ಅದರ ಅತ್ಯಲ್ಪ ಅಂಶವನ್ನೂ ಹಿಡಿಯಬಲ್ಲದು. ನಿದ್ದೆಗೆ ಮುಂಚೆ ಮೈಯ ಒಳಗಿನ ಬಿಸಿ ಇಳಿಯಬೇಕು. ಹಸಿರಿನ ನಡುವೆ ಅರ್ಧ ಗಂಟೆ ಅಂಗೈ, ಅಂಗಾಲು ಬಿಟ್ಟುಕೊಂಡು ಉಸ್ಸೆಂದು ಕೂತರೆ ಆ ಕೆಲಸ ಸಲೀಸಾಗುತ್ತದೆ.

ಆ ಐವತ್ತು ದಾಟಿದವರಿಗೆ ನಾನು ಹಾಟ್ ಫ್ಲಶ್‌ಗೆ ಚಿಕಿತ್ಸೆ ಶುರುಮಾಡಿದೆ. ಚೀಟಿಯ ಕೊನೆಯಲ್ಲಿ ‘ಕುರ್ಚಿ, ಸಂಜೆ ಆರಕ್ಕೆ, 30 ನಿಮಿಷ, ಕೈಯಲ್ಲಿ ಏನೂ ಇರಬಾರದು’ ಎಂದೂ ಬರೆದೆ. ಔಷಧಿ ಅಂಗಡಿಯವರು ಅದನ್ನು ಓದಿ ತಲೆ ಕೆರೆದುಕೊಂಡರಂತೆ. ಆರು ವಾರದ ನಂತರ ಬಂದಾಗ ನಿದ್ದೆ ಪರವಾಗಿಲ್ಲ, ಬೆವರುವುದು ಅರ್ಧಕ್ಕರ್ಧ ಇಳಿದಿದೆ ಎಂದರು. ಎಷ್ಟು ಮಾತ್ರೆಯಿಂದ, ಎಷ್ಟು ಕುರ್ಚಿಯಿಂದ ಎಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಮತ್ತೆ ಕಳೆ ಎಂದೆ. ಕಳೆ ಇದ್ದಲ್ಲೇ ಇದೆಯಂತೆ. ಆಕೆ ಕುರ್ಚಿಯನ್ನು ಆ ಪಾತಿಗೆ ಬೆನ್ನು ಮಾಡಿ ತಿರುಗಿಸಿಟ್ಟಿದ್ದಾರೆ.