ಹಾರ್ಡ್‌ನರ್ ಅಂದರೆ ಹೆಪ್ಪಲ್ಲ

ಮರದ ಬಟ್ಟಲಿಗೆ ಎಪಾಕ್ಸಿ (ರೆಸಿನ್, ಹಾರ್ಡ್‌ನರ್ ಎಂಬ ಎರಡು ದ್ರವ ಕಲಸಿ ಬಳಿಯುವ, ಗಟ್ಟಿಯಾಗುವ ಲೇಪ) ಬಳಿದು ಎರಡು ದಿನವಾದರೂ ಅದು ಬೆರಳಿಗೆ ಅಂಟುತ್ತಿದ್ದರೆ ಮೊದಲು ಬೈಗುಳ ತಿನ್ನುವುದು ಬೆಂಗಳೂರಿನ ಮಳೆ, ಆಮೇಲೆ ಡಬ್ಬಿ ಮಾರಿದ ಅಂಗಡಿ. ತಪ್ಪು ಹೆಚ್ಚಿನ ಸಲ ತೂಕದಲ್ಲಿರುತ್ತದೆ. ‘ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಒಂದು ಚೂರು ಜಾಸ್ತಿ ಹಾಕಿದೆ’ ಅನ್ನುವುದು ಹಾಲಿಗೆ ಹೆಪ್ಪು ಹಾಕುವವರ ಲೆಕ್ಕ. ಫೈಬರ್‌ಗ್ಲಾಸ್ ಕೆಲಸದ ಪಾಲಿಯೆಸ್ಟರ್ ರೆಸಿನ್‌ಗೆ ಆ ಲೆಕ್ಕ ಹೆಚ್ಚುಕಡಿಮೆ ನಡೆಯುತ್ತದೆ: ನೂರು ಗ್ರಾಂಗೆ ಒಂದೆರಡು ಗ್ರಾಂ ಕ್ಯಾಟಲಿಸ್ಟ್ ಸಾಕು, ಕೆಲಸ ಶುರುಮಾಡಿಸುವುದಷ್ಟೇ ಅದರ ಪಾತ್ರ. ಎಪಾಕ್ಸಿಯದು ಬೇರೆಯೇ ಸಂಸಾರ.

ರೆಸಿನ್ ಅಣುವಿನ ಎರಡು ತುದಿಗೂ ಒಂದೊಂದು ಕಾಜ ಇದೆ ಅಂದುಕೊಳ್ಳಿ. ಹಾರ್ಡ್‌ನರ್‌ನ ಅಮೀನ್ ಅಣುವಿನಲ್ಲಿ ನಾಲ್ಕೋ ಐದೋ ಗುಂಡಿ. ಒಂದು ಗುಂಡಿಗೆ ಒಂದೇ ಕಾಜ. ಎಲ್ಲವೂ ಕೂಡಿಕೊಂಡಾಗ ಬಟ್ಟಲಿನ ಮೇಲಿನ ಇಡೀ ಪದರ ಒಂದೇ ಹೊಲಿಗೆಯ ಬಲೆ. ಗುಂಡಿ ಹೆಚ್ಚಾದರೆ ಕಾಜ ಸಿಗದವು ಜೋತಾಡುತ್ತವೆ, ಬಲೆ ಸಡಿಲವಾಗುತ್ತದೆ, ತೇವ ಹೀರುತ್ತದೆ. ಕಾಜ ಹೆಚ್ಚಾದರೂ ಅಂಟು ತಪ್ಪದು. ಸಾಲು ಪಂಕ್ತಿ ಊಟದಲ್ಲಿ ಎಲೆ ನೂರು, ಜನ ನೂರಿಪ್ಪತ್ತು ಆದ ಹಾಗೆ: ಉಳಿದ ಇಪ್ಪತ್ತು ಮಂದಿ ಬಾಗಿಲಲ್ಲೇ ನಿಂತಿರುತ್ತಾರೆ, ನಾಳೆಯೂ.

ಚನ್ನಪಟ್ಟಣದ ಅರಗಿನ ಕೆಲಸ ನೋಡಿದವರಿಗೆ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ, ತಣಿದರೆ ಗಟ್ಟಿ. ಸ್ಪಿರಿಟ್ ಪಾಲಿಷ್ ಗಟ್ಟಿಯಾಗುವುದು ಸ್ಪಿರಿಟ್ ಹಾರಿಹೋಗಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹಿಡಿದು. ಎಪಾಕ್ಸಿಗೆ ಇವು ಯಾವುವೂ ಬೇಡ. ಅದು ‘ಒಣಗುವುದೇ’ ಇಲ್ಲ. ಇದನ್ನು 1930ರ ದಶಕದಲ್ಲಿ ರೂಪಿಸಿದವರಲ್ಲಿ ಒಬ್ಬರು ಸ್ವಿಟ್ಜರ್ಲೆಂಡಿನ ಪಿಯೆರ್ ಕಾಸ್ಟಾನ್, ಅದೂ ಹಲ್ಲಿನ ಸೆಟ್ಟು ಅಚ್ಚೊಯ್ಯಲು. ಹಲ್ಲಿಗೆ ಒಗ್ಗಲಿಲ್ಲ, 1946ರಲ್ಲಿ ಅರಾಲ್ಡೈಟ್ ಆಗಿ ಲೋಕಕ್ಕೆಲ್ಲ ಅಂಟಿತು.

ಇನ್ನು ತಕ್ಕಡಿ. ಡಬ್ಬಿಯ ಮೇಲೆ 2:1 (ರೆಸಿನ್ ಎರಡು, ಹಾರ್ಡ್‌ನರ್ ಒಂದು) ಅಂತಿದ್ದರೆ ಅದು ಮಿಲಿಲೀಟರಿನ ಅಳತೆಯೋ ತೂಕವೋ ನೋಡಿ. ರೆಸಿನ್ ಮಿಲಿಲೀಟರಿಗೆ ಸುಮಾರು 1.15 ಗ್ರಾಂ, ಹಾರ್ಡ್‌ನರ್ ಸುಮಾರು 0.96. ಅಳತೆಯ 2:1 ತೂಕದಲ್ಲಿ 100ಕ್ಕೆ 42 ಆಗುತ್ತದೆ. 50 ತೂಗಿ ಹಾಕಿದರೆ ಗುಂಡಿಗಳು ಶೇ. 20 ಹೆಚ್ಚು. 25 ಸೆಂ.ಮೀ. ಅಗಲ, 8 ಸೆಂ.ಮೀ. ಆಳದ ಬಟ್ಟಲಿಗೆ ಒಳಗೂ ಹೊರಗೂ 0.1 ಮಿ.ಮೀ. ಪದರ ಹಾಕಲು ಬೇಕಾಗುವುದು ಬರೀ 15 ಗ್ರಾಂ, ಅದರಲ್ಲಿ ಹಾರ್ಡ್‌ನರ್ ನಾಲ್ಕೂವರೆ ಗ್ರಾಂ ಒಳಗೆ. ಅಡುಗೆಮನೆಯ ತಕ್ಕಡಿ ಅರ್ಧ ಗ್ರಾಂ ಎಡವಿದರೂ ಶೇ. 10 ದಾಟಿತು. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯೇ ಬೇಕು. ಎರಡು ಮೂರು ನಿಮಿಷ ಕಲಸಿ, ಕಪ್ಪಿನ ಅಂಚು-ತಳ ಕೆರೆದು, ಇನ್ನೊಂದು ಕಪ್ಪಿಗೆ ಬಗ್ಗಿಸಿ ಮತ್ತೆ ಕಲಸಿ. ಮೂಲೆಯಲ್ಲಿ ಕಲಸದೆ ಉಳಿದದ್ದೇ ಬಟ್ಟಲಿನ ಮೇಲೆ ಅಂಟು ಕಲೆಯಾಗುವುದು.

ಮರ ಒಣಗಿರಬೇಕು. ಗಾಳಿಮಳೆಗೆ ಬಿದ್ದ ಮಳೆಮರದಲ್ಲಿ ಕಡೆದದ್ದಾದರೆ ದಿನಾ ತೂಗಿ. ವಾರವಿಡೀ ತೂಕ ಇಳಿಯದಿದ್ದರೆ ಸರಿ. ತೇಗ, ಬೀಟೆಯಂಥ ಎಣ್ಣೆ ಮರವನ್ನು ಬಳಿಯುವ ಮುಂಚೆ ಅಸಿಟೋನ್‌ನಲ್ಲಿ ಒರೆಸಿ, ಆರಲು ಬಿಡಿ.

ಗುಳ್ಳೆಯ ವಿಷಯ ನನಗೆ ಬಹಳ ಇಷ್ಟ. ಮರದ ನಾಳಗಳ ತುಂಬ ಗಾಳಿ. ಬೆಳಿಗ್ಗೆ ಬಳಿದರೆ ಬಿಸಿಲೇರಿದಂತೆ ಆ ಗಾಳಿ ಹಿಗ್ಗಿ, ಪದರದ ಕೆಳಗಿನಿಂದ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ, ಅದರಲ್ಲೂ ಬಟ್ಟಲಿನ ಎರಡು ಎದುರು ಬದಿಗಳಲ್ಲಿ, ನಾಳದ ಬಾಯಿ ತೆರೆದಿರುವ ಕಡೆ. ಬಟ್ಟಲನ್ನು ಬಿಸಿಲಲ್ಲಿಟ್ಟು, ಸಂಜೆ ಒಳಗೆ ತಂದು, ತಣಿಯುತ್ತಿರುವಾಗ ಬಳಿಯಿರಿ. ಗಾಳಿ ಕುಗ್ಗುತ್ತಾ ರೆಸಿನ್ನನ್ನು ತಾನೇ ಒಳಕ್ಕೆಳೆದುಕೊಳ್ಳುತ್ತದೆ. ಮೊದಲ ಕೈಯನ್ನು ಇಪ್ಪತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿಬಿಡಿ. ಅದು ನಾಳ ಮುಚ್ಚುವುದಕ್ಕೆ ಮಾತ್ರ. ಮೊದಲಿನದು ಇನ್ನೂ ಬೆರಳಿಗೆ ಅಂಟುವಾಗಲೇ ಎರಡನೆಯದು ಬಿದ್ದರೆ ಉಜ್ಜುವ ಗೋಜಿಲ್ಲ. ಮರುದಿನವಾದರೆ 320ರ ಉಜ್ಜುಕಾಗದದಲ್ಲಿ ಮಂಕು ಮಾಡಿ. ಪದರ ಇಳಿಜಾರಿಗೆ ಜಾರದಂತೆ ಗಟ್ಟಿಯಾಗುವ ತನಕ ನಿಮಿಷಕ್ಕೆ ಐದಾರು ಸುತ್ತಿನ ಸಣ್ಣ ಗೇರ್ ಮೋಟರಿಗೆ ಸಿಕ್ಕಿಸಿ ತಿರುಗಿಸುತ್ತಿರಿ. ಲೇತ್‌ನ ವೇಗಕ್ಕಾದರೆ ಗೋಡೆಯೂ ಪಾಲಿಷ್ ಆದೀತು.

ಮಳೆಯನ್ನು ಪೂರ್ತಿ ಬಿಟ್ಟುಬಿಡುವಂತಿಲ್ಲ. ಜುಲೈ ಸಂಜೆಯ ತೇವದಲ್ಲಿ ಅಮೀನ್ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಮೇಣದಂಥ ಬಿಳಿಚು ಪೊರೆ ಕಟ್ಟುತ್ತದೆ. ಉಜ್ಜುಕಾಗದ ಹಿಡಿದರೆ ಅದು ಕಾಗದಕ್ಕೇ ಮೆತ್ತುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ಉಜ್ಜುವ ಹಸಿರು ನಾರು ಸಾಕು. ತೊಳೆದು ಒರೆಸಿ, ಆಮೇಲೆ ಉಜ್ಜಿ.

ಕೈಗೆ ನೈಟ್ರೈಲ್ ಗ್ಲೌಸ್. ಮೈಗೆ ತಗುಲಿದ್ದನ್ನು ಥಿನ್ನರ್‌ನಲ್ಲಿ ಒರೆಸಬೇಡಿ, ಅದು ರೆಸಿನ್ನನ್ನು ಹರಡಿ ಚರ್ಮದೊಳಕ್ಕೇ ಇಳಿಸುತ್ತದೆ. ಸೋಪು ಹಚ್ಚಿ ತೊಳೆಯಿರಿ. ಒಮ್ಮೆ ಅಲರ್ಜಿ ಹತ್ತಿದರೆ ಬಿಡುವುದು ಕಷ್ಟ. ಬಲೆ ಪೂರ್ತಿ ಹೆಣೆದುಕೊಳ್ಳಲು ಒಂದು ವಾರ ಬೇಕು, ಅಲ್ಲಿಯವರೆಗೆ ಹಣ್ಣೂ ಇಡಬೇಡಿ. ಆಮೇಲೂ ಬಿಸಿ ಸಾರಿಗೆ ಈ ಬಟ್ಟಲಲ್ಲ: ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50–60 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ. ಅರಗಿನಂತೆ ಕರಗದು, ಆದರೆ ಒಳಗೆ ಚಮಚದ ಗುರುತು ಉಳಿಯುತ್ತದೆ.