ಸಣ್ಣ ಗುಂಡು, ಬೇಗ ಸವೆಯುವ ನಳಿಕೆ: .22-250ರ ಲೆಕ್ಕ

ಮೆಟಲರ್ಜಿಯಲ್ಲಿ ಸವೆತದ ಪಾಠ ಓದುತ್ತಿರುವವರಿಗೆ ಇದು: .22-250 ಅನ್ನುವ ರೈಫಲ್ ತೋಟೆ (ಗುಂಡು, ಸಿಡಿಮದ್ದು ಎರಡೂ ಸೇರಿದ್ದು) ಬಂದೂಕಿನ ನಳಿಕೆಯನ್ನು ಯಾಕೆ ಬೇಗ ಸವೆಸುತ್ತದೆ ಅಂತ. ನಿನ್ನೆ ರಾತ್ರಿ ತಲೆಗೆ ಹೋಯಿತು, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಅಮೆರಿಕದ ಹುಲ್ಲುಗಾವಲಲ್ಲಿ ಬಿಲ ತೋಡುವ ಪ್ರೇರಿ ಡಾಗ್ (ಹೆಸರಷ್ಟೇ ನಾಯಿ, ಜಾತಿ ಅಳಿಲಿನದು), ಕಯೋಟಿ (ತೋಳದ ಸಣ್ಣ ನೆಂಟ) ಇಂಥವನ್ನು ದೂರದಿಂದ ಹೊಡೆಯಲು ಮಾಡಿದ್ದು ವಾರ್ಮಿಂಟ್ ರೈಫಲ್. ಗುರಿ ಚಿಕ್ಕದು, ದೂರ ಜಾಸ್ತಿ. ಅದಕ್ಕೇ ಹಗುರ ಗುಂಡು, ಭಾರೀ ವೇಗ. 1935ರಲ್ಲಿ ವಿಂಚೆಸ್ಟರ್ ಕಂಪನಿ ತಂದ .220 ಸ್ವಿಫ್ಟ್ ತೋಟೆ 3.1 ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 1,250 ಮೀಟರ್ ವೇಗದಲ್ಲಿ ಕಳಿಸುತ್ತಿತ್ತು. ನಳಿಕೆ ತಿಂದುಹಾಕುತ್ತದೆ ಅನ್ನುವ ಕೆಟ್ಟ ಹೆಸರೂ ಅದಕ್ಕೆ ಅಂಟಿತು. .22-250 ಅದರ ತಮ್ಮನಿದ್ದಂತೆ, 1965ರಿಂದ ರೆಮಿಂಗ್ಟನ್ ಕಂಪನಿಯ ಹೆಸರಲ್ಲಿ ಸಿಗುತ್ತಿದೆ.

ನಾನು ಎಡವಿದ್ದು ಇಲ್ಲಿ. ವೇಗದ ಗುಂಡು ಉಜ್ಜಿಕೊಂಡು ಹೋಗಿ ಉಕ್ಕು ಸವೆಯುತ್ತದೆ ಅಂದುಕೊಂಡಿದ್ದೆ. ಹೆಚ್ಚಿನ ಹಾನಿ ಮಾಡುವುದು ಮದ್ದಿನ ಬಿಸಿ ಅನಿಲ. ಸರಿ, ಹಾಗಾದರೆ ಮದ್ದು ಜಾಸ್ತಿ ಸುಡುವ ರೈಫಲ್ ಬೇಗ ಹಾಳಾಗಬೇಕಲ್ವಾ? ಆಗುವುದಿಲ್ಲ! .308 ವಿಂಚೆಸ್ಟರ್ ಒಂದು ತೋಟೆಗೆ ಸುಮಾರು 2.85 ಗ್ರಾಂ ಮದ್ದು ಸುಡುತ್ತದೆ, .22-250 ಬರೀ 2.3 ಗ್ರಾಂ. ಆದರೂ .308ರ ನಳಿಕೆಯೇ ಜಾಸ್ತಿ ಬಾಳುತ್ತದೆ. ಇದರ ಮುಂದೆ ಎರಡು ದಿನ ಸುಮ್ನೆ ಕೂತಿದ್ದೆ.

ಅಕ್ಕಸಾಲಿಯ ಊದುಗೊಳವೆ ನೆನಪಾದಾಗ ಬಿಡಿಸಿಕೊಂಡಿತು. ದೀಪದ ಜ್ವಾಲೆ ಹರಡಿಕೊಂಡಿದ್ದರೆ ಏನೂ ಆಗುವುದಿಲ್ಲ, ಅದನ್ನೇ ಸಣ್ಣ ಬಾಯಿಂದ ಊದಿ ಒಂದೇ ಕಡೆ ಬಿಟ್ಟರೆ ಬೆಸುಗೆ ಕರಗುತ್ತದೆ. ನೋಡಬೇಕಾದ್ದು ಒಟ್ಟು ಮದ್ದನ್ನಲ್ಲ, ಎಷ್ಟು ಮದ್ದು ಎಷ್ಟು ತೂತಿನಲ್ಲಿ ಹಾದುಹೋಗುತ್ತದೆ ಅನ್ನುವುದನ್ನು.

ನನ್ನ ಅಡ್ಡದಾರಿ: ಮದ್ದನ್ನು ಮಿಲಿಗ್ರಾಂನಲ್ಲಿ ತಗೊಂಡು ಗುಂಡಿನ ವ್ಯಾಸದ ವರ್ಗದಿಂದ ಭಾಗಿಸಿ. ಪೈ ಬೇಡ, ಹೋಲಿಸುವಾಗ ಎರಡೂ ಕಡೆ ಹೊಡೆದುಹೋಗುತ್ತದೆ. .308ರ ವ್ಯಾಸ 7.82 ಮಿ.ಮೀ., ವರ್ಗ 61, ಉತ್ತರ 47. .22-250ರದು 5.69 ಮಿ.ಮೀ., ವರ್ಗ 32, ಉತ್ತರ 72. ಅದೇ ವ್ಯಾಸದ .223 ರೆಮಿಂಗ್ಟನ್ ಸುಡುವುದು ಸುಮಾರು 1.7 ಗ್ರಾಂ, ಉತ್ತರ 53. ಅದಕ್ಕೇ ದಿನಕ್ಕೆ ನೂರಾರು ಗುಂಡು ಹಾರಿಸುವವರು .223 ಹಿಡಿದು, .22-250 ಅನ್ನು ದೂರದ ಗುರಿಗೆ ಇಟ್ಟುಕೊಳ್ಳುತ್ತಾರೆ. ಇದು ಪಕ್ಕಾ ಸೂತ್ರವಲ್ಲ, ಮದ್ದಿನ ಬಿಸಿ, ಒತ್ತಡ ಎಲ್ಲ ಬಿಟ್ಟಿದ್ದೇನೆ.

ಇನ್ನೊಂದು ಮಜಾ. ಗುಂಡು ನಳಿಕೆಯೊಳಗೆ ಇರುವುದು ಸುಮಾರು ಒಂದು ಮಿಲಿಸೆಕೆಂಡ್. ಮೂರು ಸಾವಿರ ಗುಂಡು ಹಾರಿಸಿ ಗುಜರಿಗೆ ಹೋದ ನಳಿಕೆ ನಿಜವಾಗಿ ದುಡಿದದ್ದು ಮೂರೇ ಸೆಕೆಂಡು!

ಸವೆತ ಶುರುವಾಗುವುದು ಗಂಟಲಲ್ಲಿ, ಅಂದರೆ ತೋಟೆ ಕೂರುವ ಕೋಣೆ ಮುಗಿದು ಸುರುಳಿ ಗೆರೆಗಳು ಹುಟ್ಟುವ ಜಾಗದಲ್ಲಿ. ಸಣ್ಣ ಕ್ಯಾಮೆರಾ ತೂರಿಸಿ ನೋಡಿದರೆ ಬತ್ತಿದ ಕೆರೆಯ ಮಣ್ಣಿನ ಥರ ಬಿರುಕು. ಉಕ್ಕಿನ ಮೇಲ್ಪದರ ಕಾದು ಗಡುಸಾಗಿ, ಆರುವಾಗ ಸೀಳುತ್ತದೆ, ಮುಂದಿನ ಅನಿಲ ಆ ಅಂಚುಗಳನ್ನು ಎಬ್ಬಿಸುತ್ತದೆ. ಆರಲು ಬಿಡದೆ ಹಾರಿಸುತ್ತಾ ಹೋದರೆ ಇದೆಲ್ಲ ಇನ್ನೂ ಬೇಗ.

ಗಂಟಲು ಹೀಗೆ ಮುಂದೆ ಸರಿದಷ್ಟೂ ಗುಂಡು ಗೆರೆ ಹಿಡಿಯಲು ದೂರ ಜಿಗಿಯಬೇಕು, ಗುರಿ ಚದುರುತ್ತದೆ. ಆದರೆ ಗಂಟಲು ದಾಟಿದರೆ ಮುಂದಿನ ಭಾಗ ಎಷ್ಟೋ ಸಲ ಚೆನ್ನಾಗಿಯೇ ಉಳಿದಿರುತ್ತದೆ. ಹಾಗಾಗಿ ಕೆಲವರು ನಳಿಕೆಯನ್ನು ಎಸೆಯದೆ, ಹಿಂಬದಿಯಿಂದ ಒಂದಷ್ಟು ಕತ್ತರಿಸಿ, ಕೋಣೆಯನ್ನು ಹೊಸದಾಗಿ ಕೊರೆಸಿಕೊಂಡು ಮತ್ತೆ ಕೂರಿಸುತ್ತಾರೆ.