ಗೆಲ್ಲುತ್ತಿದ್ದ ಸೇನಾಪತಿಯನ್ನೇ ಮನೆಗೆ ಕಳಿಸಿದ್ದು ಯಾಕೆ?

636ರ ಆಗಸ್ಟ್‌ನಲ್ಲಿ ಯರ್ಮೂಕ್ ನದಿಯ ಬಳಿ ರೋಮನ್ ಚಕ್ರವರ್ತಿ ಹೆರಾಕ್ಲಿಯಸ್‌ನ ದೊಡ್ಡ ಸೈನ್ಯ ನುಚ್ಚುನೂರಾಯಿತು. ಸಿರಿಯಾ ಅರಬರ ಕೈಗೆ ಬಂತು. ಆ ಗೆಲುವಿನ ಜೊತೆ ಎಲ್ಲರೂ ಹೇಳುವ ಹೆಸರು ಖಾಲಿದ್ ಬಿನ್ ವಲೀದ್. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಖಾಲಿದರ ಟೋಪಿ ತೆಗೆಸಿ, ಅವರದ್ದೇ ಪೇಟದಿಂದ ಅವರನ್ನು ಕಟ್ಟಿ, ಜನರ ಎದುರು ನಿಲ್ಲಿಸಿ ಲೆಕ್ಕ ಕೇಳಲಾಯಿತು. ಆಜ್ಞೆ ಬಂದಿದ್ದು ಮದೀನಾದಿಂದ, ಖಲೀಫ ಉಮರ್ ಅವರಿಂದ.

ಚಿಕ್ಕಂದಿನಲ್ಲಿ ಕುಸ್ತಿ ಆಡುವಾಗ ಖಾಲಿದ್ ಉಮರ್ ಕಾಲು ಮುರಿದಿದ್ದರು, ಆ ಹಳೇ ಸಿಟ್ಟೇ ಇದಕ್ಕೆ ಕಾರಣ ಅನ್ನೋ ಕಥೆಯಿದೆ. ಕೇಳೋಕೆ ಚೆನ್ನಾಗಿದೆ, ಅಷ್ಟೇ. ನಿಜವಾದ ಜಗಳ ಬೇರೆಯೇ ಇತ್ತು.

ಖಾಲಿದ್ ಮೆಕ್ಕಾದ ಕುರೈಷರಲ್ಲಿ ಮಖ್ಜೂಮ್ ಎಂಬ ದೊಡ್ಡ ಮನೆತನದವರು. 625ರ ಉಹುದ್ ಕಾಳಗದಲ್ಲಿ ಮುಸ್ಲಿಮರ ವಿರುದ್ಧವೇ ಕುದುರೆ ಪಡೆ ನಡೆಸಿ ಆಟ ತಿರುಗಿಸಿದವರು. ಇಸ್ಲಾಂಗೆ ಬಂದದ್ದು 629ರ ಹೊತ್ತಿಗೆ, ಅಂದರೆ ಸಾಕಷ್ಟು ತಡವಾಗಿ. ಅದೇ ವರ್ಷ ರೋಮನ್ನರ ವಿರುದ್ಧದ ಮುಅ್ತಾ ಕಾಳಗದಲ್ಲಿ ಮೂವರು ಸೇನಾಪತಿಗಳು ಒಬ್ಬರ ಹಿಂದೆ ಒಬ್ಬರು ಸತ್ತಾಗ, ಉಳಿದವರನ್ನು ಜೀವಂತ ವಾಪಸ್ ಕರೆತಂದರು. 'ದೇವರ ಕತ್ತಿ' ಎಂಬ ಬಿರುದು ಅವರಿಗೆ ಅಂಟಿಕೊಂಡಿತು.

632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡರು. ಹಲವು ಬುಡಕಟ್ಟುಗಳು ಮದೀನಾಕ್ಕೆ ತಿರುಗಿ ನಿಂತವು. ಆ ಬುಡಕಟ್ಟುಗಳನ್ನು ಬಗ್ಗಿಸಲು ಮೊದಲ ಖಲೀಫ ಅಬೂಬಕರ್ ಖಾಲಿದರನ್ನು ಕಳಿಸಿದರು. ಉಮರ್ ಮತ್ತು ಖಾಲಿದ್ ನಡುವೆ ಬಿರುಕು ಬಿಟ್ಟದ್ದು ಇಲ್ಲೇ. ತಮೀಮ್ ಬುಡಕಟ್ಟಿನ ನಾಯಕ ಮಾಲಿಕ್ ಬಿನ್ ನುವೈರಾ ಸೆರೆ ಸಿಕ್ಕ ಮೇಲೆ ಕೊಲೆಯಾದ. ಅವನು ಮುಸ್ಲಿಮನಾಗಿಯೇ ಇದ್ದ ಅಂತ ಕೆಲವರು ಸಾಕ್ಷಿ ಹೇಳಿದರು. ಸಾಲದ್ದಕ್ಕೆ ಅವನ ಹೆಂಡತಿಯನ್ನು ಖಾಲಿದ್ ಮದುವೆಯಾದರು. ಖಾಲಿದರನ್ನು ತೆಗೆಯಲೇಬೇಕು ಅಂತ ಉಮರ್ ಹಟ ಹಿಡಿದರು. ದೇವರೇ ಬಿಚ್ಚಿದ ಕತ್ತಿಯನ್ನು ನಾನು ಒರೆಗೆ ಹಾಕಲಾರೆ ಎಂದು ಅಬೂಬಕರ್ ತಳ್ಳಿಹಾಕಿದರಂತೆ.

ಅಬೂಬಕರ್ ಲೆಕ್ಕಾಚಾರ ಅರ್ಥವಾಗುವಂಥದ್ದೇ. ಇಂಥ ಸೇನಾಪತಿ ಇನ್ನೊಬ್ಬ ಎಲ್ಲಿ ಸಿಗಬೇಕು? 633ರಲ್ಲಿ ಇರಾಕ್‌ನ ಹೀರಾ ಶರಣಾಯಿತು. ಮರುವರ್ಷ ಸಿರಿಯಾಕ್ಕೆ ಹೋಗಿ ಅಂದಾಗ ಖಾಲಿದ್ ನೀರಿಲ್ಲದ ಮರುಭೂಮಿ ದಾರಿಯನ್ನೇ ಹಿಡಿದರು. ಒಂಟೆಗಳನ್ನು ಬಾಯಾರಿಸಿ, ಆಮೇಲೆ ಹೊಟ್ಟೆ ತುಂಬ ನೀರು ಕುಡಿಸಿ, ಮೆಲುಕು ಹಾಕದಂತೆ ಬಾಯಿ ಕಟ್ಟಿದರು. ದಾರಿಯಲ್ಲಿ ಕೆಲವನ್ನು ಕೊಯ್ದು, ಹೊಟ್ಟೆಯಲ್ಲಿದ್ದ ನೀರನ್ನು ಕುದುರೆಗಳಿಗೆ ಕೊಟ್ಟರು ಅನ್ನುತ್ತದೆ ಪರಂಪರೆ. ಯಾವ ದಾರಿ ಅನ್ನೋ ಬಗ್ಗೆ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಈ ವೃತ್ತಾಂತಗಳನ್ನು ಒಟ್ಟುಮಾಡಿದ ಬಲಾದುರಿ, ತಬರಿಯಂಥವರು ಇದ್ದದ್ದೇ ಘಟನೆ ನಡೆದು ಇನ್ನೂರು ವರ್ಷಕ್ಕೂ ಆಚೆ, ಅಲ್ವಾ?

634ರಲ್ಲಿ ಅಬೂಬಕರ್ ತೀರಿಕೊಂಡು ಉಮರ್ ಖಲೀಫರಾದರು. ಸಿರಿಯಾದ ಪೂರ್ಣ ಅಧಿಕಾರ ಪ್ರವಾದಿಯ ಹಳೆಯ ಸಂಗಾತಿ ಅಬೂ ಉಬೈದಾ ಕೈಗೆ ಹೋಯಿತು. ಈ ಬದಲಾವಣೆಯ ಪತ್ರ ಬಂದದ್ದು ದಮಾಸ್ಕಸ್ ಮುತ್ತಿಗೆಯ ವೇಳೆ ಅಂತ ಒಂದು ವರದಿ, ಯರ್ಮೂಕ್ ಕಾಳಗದ ನಡುವೆ ಅಂತ ಇನ್ನೊಂದು. ಖಾಲಿದ್ ಮಾತ್ರ ಮುನಿಸಿಕೊಂಡು ಹೋಗಲಿಲ್ಲ. ಅಬೂ ಉಬೈದಾ ಕೆಳಗೇ ಯುದ್ಧ ಮಾಡಿದರು.

ಕೊನೆಗೆ ಅಡ್ಡ ಬಂದದ್ದು ದುಡ್ಡು. ಕಿಂದಾ ಬುಡಕಟ್ಟಿನ ಮುಖಂಡ ಅಶ್‌ಅಸ್ ಬಿನ್ ಕೈಸ್ ಕೈಚಾಚಿ ಬಂದಾಗ ಖಾಲಿದ್ 10,000 ದಿರ್ಹಮ್ ಕೊಟ್ಟರು. ಈ ಅಶ್‌ಅಸ್ ಕೆಲವೇ ವರ್ಷ ಹಿಂದೆ ಮದೀನಾ ವಿರುದ್ಧ ದಂಗೆ ಎದ್ದು ಕ್ಷಮೆ ಪಡೆದವರು. ಸುದ್ದಿ ಉಮರ್ ಕಿವಿಗೆ ಬಿತ್ತು. ಅವರ ಪ್ರಶ್ನೆ ಸರಳವಾಗಿತ್ತು: ಕೊಳ್ಳೆಯ ಹಣವಾದರೆ ಅದು ಕಳವು, ಸ್ವಂತದ್ದಾದರೆ ದುಂದು. ಎರಡರಲ್ಲಿ ಯಾವುದಾದರೂ ಕೆಲಸ ಹೋಗುವುದು ಖಚಿತ.

ತಬರಿ ಕೊಡುವ ಚಿತ್ರ ಹೀಗಿದೆ. ದೂತ ಪ್ರಶ್ನೆ ಕೇಳುತ್ತಾನೆ, ಖಾಲಿದ್ ಬಾಯಿ ಬಿಡುವುದಿಲ್ಲ. ಅಬೂ ಉಬೈದಾ ವೇದಿಕೆ ಮೇಲೆ ಸುಮ್ನೆ ಕೂತಿದ್ದಾರೆ. ಬಿಲಾಲ್ ಎದ್ದು ಬಂದು ಪೇಟದಿಂದ ಕಟ್ಟುತ್ತಾರೆ. ಒಂದು ಕಾಲದಲ್ಲಿ ಮೆಕ್ಕಾದಲ್ಲಿ ಗುಲಾಮರಾಗಿದ್ದ ಬಿಲಾಲ್! ಸ್ವಂತ ಹಣವೇ ಅಂತ ಖಾಲಿದ್ ಹೇಳಿದ ಮೇಲೆ ಬಿಲಾಲರೇ ಬಿಚ್ಚಿ, ಟೋಪಿ ಇಟ್ಟು, ತಮ್ಮ ಕೈಯಾರೆ ಪೇಟ ಸುತ್ತುತ್ತಾರೆ. ಇದಾದ ಮೇಲೂ ತಾನು ಕೆಲಸದಲ್ಲಿದ್ದೀನೋ ಇಲ್ವೋ ಅನ್ನೋದು ಖಾಲಿದರಿಗೆ ಗೊತ್ತಿಲ್ಲ. ಹೇಳೋಕೆ ಅಬೂ ಉಬೈದಾಗೆ ಮನಸ್ಸು ಬಂದಿರಲಿಲ್ಲ. ಮದೀನಾದಲ್ಲಿ ಆಸ್ತಿ ಲೆಕ್ಕ ಹಾಕಿ 20,000ವನ್ನು ಬೊಕ್ಕಸಕ್ಕೆ ಸೇರಿಸಿಕೊಂಡರಂತೆ.

ಆಮೇಲೆ ಉಮರ್ ಎಲ್ಲ ಪ್ರಾಂತ್ಯಗಳಿಗೂ ಬರೆದರು ಎನ್ನಲಾದ ಪತ್ರ ಕುತೂಹಲದ್ದು. ಸಿಟ್ಟಿಗೋ ದ್ರೋಹಕ್ಕೋ ತೆಗೆದದ್ದಲ್ಲ. ಜನ ಖಾಲಿದರಿಗೆ ಮರುಳಾಗಿದ್ದಾರೆ, ಗೆಲುವು ಕೊಡುವವನು ದೇವರು ಅನ್ನೋದು ಅವರಿಗೆ ತಿಳಿಯಲಿ ಅಂತ ಮಾಡಿದ್ದು. ನನಗೆ ಇದರಲ್ಲಿ ಭಕ್ತಿಯಷ್ಟೇ ಆಡಳಿತದ ಭಯವೂ ಕಾಣುತ್ತದೆ. ದೂರದ ಸೇನಾಪತಿ ಮುಖಂಡರಿಗೆ ತಾನೇ ಹಣ ಹಂಚಿದರೆ, ಅವರ ನಿಷ್ಠೆ ಮದೀನಾಕ್ಕಲ್ಲ, ಅವನಿಗೆ. ಉಮರ್ ದಿವಾನ್ ಎಂಬ ಪಟ್ಟಿ ಮಾಡಿಸಿ, ಸೈನಿಕರಿಗೆ ಸರ್ಕಾರದಿಂದಲೇ ಭತ್ಯೆ ಗೊತ್ತುಮಾಡಿದ್ದೂ ಇದೇ ಕಾಲದಲ್ಲಿ. ಇಸ್ಲಾಂಗೆ ಮೊದಲು ಬಂದವರಿಗೆ ಜಾಸ್ತಿ, ತಡವಾಗಿ ಬಂದವರಿಗೆ ಕಡಿಮೆ. ಖಾಲಿದ್ ಒಬ್ಬರೇ ಅಲ್ಲ, ಪರ್ಷಿಯನ್ನರನ್ನು ಕಾದಿಸಿಯಾದಲ್ಲಿ ಸೋಲಿಸಿದ ಸಅದ್ ಬಿನ್ ಅಬೀ ವಕ್ಕಾಸ್ ಕೂಡ ಇರಾಕ್‌ನ ಕೂಫಾ ಪಟ್ಟಣದ ಅಧಿಕಾರ ಕಳೆದುಕೊಂಡರು.

ಖಾಲಿದ್ 642ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಸಿರಿಯಾದ ಚಿತ್ರವೇ ಬದಲಾಗಿತ್ತು. 639ರ ಅಮ್ವಾಸ್ ಪ್ಲೇಗ್ ಅಬೂ ಉಬೈದಾರನ್ನು ಒಯ್ದಿತು, ಅವರ ನಂತರ ನಿಂತ ಯಜೀದ್ ಬಿನ್ ಅಬೀ ಸುಫ್ಯಾನ್‌ರನ್ನೂ. ಅಧಿಕಾರ ಯಜೀದರ ತಮ್ಮ ಮುಆವಿಯಾಗೆ ಬಂತು. ಇವರೂ ಖಾಲಿದರ ಹಾಗೆ ತಡವಾಗಿ ಬಂದ ದೊಡ್ಡ ಮನೆತನದವರೇ. ಮುಆವಿಯಾರನ್ನು ಉಮರ್ ತೆಗೆಯಲಿಲ್ಲ. ಸುಮಾರು ಇಪ್ಪತ್ತು ವರ್ಷ ಸಿರಿಯಾದ ಸೈನ್ಯವನ್ನು ಕೈಯಲ್ಲಿಟ್ಟುಕೊಂಡು, 661ರಲ್ಲಿ ಅದೇ ಬಲದ ಮೇಲೆ ಅವರು ಖಲೀಫರಾದರು. ರಾಜಧಾನಿ ದಮಾಸ್ಕಸ್‌ಗೆ ಹೋಯಿತು.